ಅಪ್ಪಣೆ ಕೇಳಿ ಹೊರಟವಳು

ವಾಡಿ ಜಂಕ್ಷನ್‌ನಲ್ಲಿ ಒಮ್ಮೆಯಾದರೂ ರಾತ್ರಿ ಕಳೆಯದವರು ಸೇಡಂ, ಚಿತ್ತಾಪುರದ ಕಡೆ ಕಡಿಮೆ. ಮುಂಬೈಗೋ ಪುಣೆಗೋ ಬೆಂಗಳೂರಿಗೋ ಹೊರಟವರು ಇಲ್ಲಿ ಇಳಿದು ದೊಡ್ಡ ಗಾಡಿಗೆ ಕಾಯುತ್ತಾರೆ. ಬ್ಯಾಗೇ ತಲೆದಿಂಬು, ಚಾದರವೇ ಹಾಸಿಗೆ. “ಗಾಡಿ ಎಷ್ಟು ಲೇಟದ್ರಿ?” ಎಂದು ಒಬ್ಬರು ಕೇಳಿದರೆ ಪಕ್ಕದವರು ಗಡಿಯಾರ ನೋಡಿ, “ಇನ್ನೊಂದ್ ತಾಸ್ ಹಿಡೀರಿ” ಅನ್ನುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ. ಯಾವ ಊರು, ಯಾರ ಪೈಕಿ, ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ, ಈ ಸಲ ತೊಗರಿ ಹೇಗಿದೆ. ಗಾಡಿ ಬಂತೆಂದರೆ ಮಾತು ಅರ್ಧಕ್ಕೇ ತುಂಡಾಗುತ್ತದೆ. ಮಾತಾಡಿಕೊಂಡ ಇಬ್ಬರೂ ಬಹುಶಃ ಮತ್ತೆಂದೂ ಎದುರಾಗುವುದಿಲ್ಲ.

ಹಾಗೆ ಕಾಯುತ್ತ ಕೂತ ಇಬ್ಬರು ಒಂದು ಕಾಲಕ್ಕೆ ಗಂಡ ಹೆಂಡತಿ ಆಗಿದ್ದವರಾದರೆ?

ಗುಲ್ಜಾರ್ ನಿರ್ದೇಶಿಸಿದ ‘ಇಜಾಜತ್’ ಚಿತ್ರ ಶುರುವಾಗುವುದು ಇದೇ ಗಳಿಗೆಯಿಂದ. ಜೋರು ಮಳೆಯ ರಾತ್ರಿ. ಮಹೇಂದರ್ ಎಂಬ ನಡುವಯಸ್ಸಿನವನು ಒಂದು ಸ್ಟೇಷನ್ನಿನಲ್ಲಿ ಇಳಿದು ವೇಟಿಂಗ್ ರೂಮಿಗೆ ಬರುತ್ತಾನೆ. ಒಳಗೆ ಒಬ್ಬಳೇ ಹೆಂಗಸು. ಅವನನ್ನು ನೋಡಿದೊಡನೆ ಅವಳು ಮುಖ ಮರೆಮಾಡಿಕೊಳ್ಳಲು ಹವಣಿಸುತ್ತಾಳೆ. ಆದರೆ ಅಷ್ಟು ಚಿಕ್ಕ ಕೋಣೆಯಲ್ಲಿ ಎಷ್ಟು ಹೊತ್ತು ಮರೆಯಾಗಿರಲು ಸಾಧ್ಯ? ಅವಳು ಸುಧಾ. ಅವನನ್ನು ಬಿಟ್ಟುಹೋದ ಹೆಂಡತಿ. ಬೆಳಗಾಗುವ ತನಕ ಇಬ್ಬರೂ ಆ ಕೋಣೆಯಲ್ಲೇ ಇರಬೇಕು. ಕತೆ ಇಷ್ಟೇ. ಮಿಕ್ಕಿದ್ದೆಲ್ಲ ನೆನಪು.

1987ರ ಈ ಚಿತ್ರದಲ್ಲಿ ಹೊಡೆದಾಟವಿಲ್ಲ, ಖಳನಾಯಕನಿಲ್ಲ. ದನಿ ಏರಿಸಿ ಆಡುವ ಮಾತು ಕೂಡ ಕಡಿಮೆ. ಮಹೇಂದರ್ ಆಗಿ ನಾಸಿರುದ್ದೀನ್ ಷಾ, ಸುಧಾ ಆಗಿ ರೇಖಾ, ಇವರಿಬ್ಬರ ನಡುವೆ ಬಂದ ಮಾಯಾ ಎಂಬ ಹುಡುಗಿಯಾಗಿ ಅನುರಾಧಾ ಪಟೇಲ್. ಸಂಗೀತ ರಾಹುಲ್ ದೇವ್ ಬರ್ಮನ್ ಅವರದು, ಹಾಡು ಗುಲ್ಜಾರ್ ಅವರವೇ, ಕ್ಯಾಮೆರಾ ಅಶೋಕ್ ಮೆಹತಾ. ಚಿತ್ರದ ನಾಲ್ಕೂ ಹಾಡು ಆಶಾ ಭೋಂಸ್ಲೆ ಅವರ ದನಿಯಲ್ಲಿವೆ. ಇಡೀ ಚಿತ್ರದಲ್ಲಿ ಗಂಡಸು ಹಾಡುವುದೇ ಇಲ್ಲ. ಬೇಕೆಂದೇ ಮಾಡಿದ್ದೋ ತಾನಾಗಿ ಆದದ್ದೋ, ಇದು ಕತೆಗೆ ತಕ್ಕ ಏರ್ಪಾಡು. ಮಹೇಂದರನಿಗೆ ತನ್ನ ಮನಸ್ಸು ಏನೆಂದು ಹೇಳಿಕೊಳ್ಳಲು ಬಾರದು. ಅದನ್ನು ಬಲ್ಲವರು ಆ ಇಬ್ಬರು ಹೆಂಗಸರೇ.

ಕತೆಯ ಬೇರು ಬಂಗಾಳದಲ್ಲಿದೆ. ಸುಬೋಧ್ ಘೋಷ್ ಬರೆದ ‘ಜತುಗೃಹ’ ಎಂಬ ಸಣ್ಣಕತೆ ಇದಕ್ಕೆ ಮೂಲ. ಬಿಮಲ್ ರಾಯ್ ಅವರ ‘ಸುಜಾತಾ’, ಋತ್ವಿಕ್ ಘಟಕ್ ಅವರ ‘ಅಜಾಂತ್ರಿಕ್’ ಚಿತ್ರಗಳಿಗೂ ಕತೆ ಕೊಟ್ಟವರು ಇವರೇ. ‘ಜತುಗೃಹ’ವನ್ನು ತಪನ್ ಸಿನ್ಹಾ 1964ರಲ್ಲೇ ಬಂಗಾಳಿಯಲ್ಲಿ ಚಿತ್ರವಾಗಿಸಿದ್ದರು. ಉತ್ತಮ್ ಕುಮಾರ್, ಅರುಂಧತಿ ದೇವಿ ಅದರ ದಂಪತಿ. ಅಲ್ಲಿ ಗಂಡ ಹೆಂಡತಿಯನ್ನು ಬೇರೆ ಮಾಡುವುದು ಮಕ್ಕಳಿಲ್ಲದ ಕೊರಗು. ಗುಲ್ಜಾರ್ ಆ ಕಾರಣವನ್ನು ಕೈಬಿಟ್ಟು ಮಾಯಾಳನ್ನು ತಂದರು, ವೇಟಿಂಗ್ ರೂಮನ್ನು ಮಾತ್ರ ಉಳಿಸಿಕೊಂಡರು.

ಜತುಗೃಹ ಎಂದರೆ ಕನ್ನಡದವರಿಗೆ ವಿವರಿಸಬೇಕಿಲ್ಲ. ಮಹಾಭಾರತದ ಅರಗಿನ ಮನೆ. ನೋಡಲು ಅರಮನೆ, ಗೋಡೆಯೊಳಗೆಲ್ಲ ಬೆಂಕಿಗೆ ಕಾದ ಅರಗು. ಪಂಪನಿಂದ ಕುಮಾರವ್ಯಾಸನವರೆಗೆ, ಅಲ್ಲಿಂದ ಊರ ಬಯಲಾಟದ ರಂಗದವರೆಗೆ ಈ ಮನೆ ಎಷ್ಟು ಸಲ ಹೊತ್ತಿ ಉರಿದಿದೆಯೋ! ಒಂದು ದಾಂಪತ್ಯಕ್ಕೆ ಈ ಹೆಸರಿಟ್ಟ ಘೋಷ್ ಅವರ ಕಣ್ಣು ದೊಡ್ಡದು. ಸುಧಾ ಮಹೇಂದರರ ಮನೆಯೂ ಕಟ್ಟುವಾಗಲೇ ಅರಗು ಸೇರಿದ ಮನೆ.

ಅದು ಹೇಗೆಂದರೆ, ಸುಧಾಳ ಜೊತೆ ಮಹೇಂದರನ ಮದುವೆಯನ್ನು ನಿಶ್ಚಯಿಸಿದವರು ಅವನ ಅಜ್ಜ. ಆ ಪಾತ್ರದಲ್ಲಿ ಶಮ್ಮಿ ಕಪೂರ್ ಇದ್ದಾರೆ. ಮೊಮ್ಮಗ ಇಲ್ಲವೆನ್ನಲಾರ, ಹೂಂ ಎನ್ನಲಾರ, ಏನಾದರೊಂದು ನೆವ ಹೇಳಿ ಮುಂದೂಡುತ್ತಲೇ ಬಂದಿದ್ದಾನೆ. ಕಾರಣ, ಅವನ ಬದುಕಿನಲ್ಲಿ ಮಾಯಾ ಇದ್ದಾಳೆ. ಕವಿತೆ ಬರೆಯುವ, ಹೇಳದೆ ಬರುವ, ಹೇಳದೆ ಹೋಗುವ ಹುಡುಗಿ. ಇನ್ನು ಮುಂದೂಡಲಾಗದು ಎಂದಾಗ ಅವನು ಸುಧಾಳ ಹತ್ತಿರವೇ ನಿಜ ಹೇಳಿಬಿಡುತ್ತಾನೆ. ಅವಳು ಕೋಪಿಸಿಕೊಳ್ಳುವುದಿಲ್ಲ. ಹಾಗಿದ್ದರೆ ಮಾಯಾಳನ್ನೇ ಅಜ್ಜನೆದುರು ಕರೆತನ್ನಿ ಅನ್ನುತ್ತಾಳೆ. ಅವನು ಹೋಗಿ ನೋಡಿದರೆ ಮಾಯಾ ಊರಲ್ಲಿಲ್ಲ. ಸುಧಾಳ ಜೊತೆ ಮದುವೆ ಆಗುತ್ತದೆ.

ಈ ಮದುವೆಯಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗದು. ಎಲ್ಲರಿಗೂ ಎಲ್ಲವೂ ಗೊತ್ತು. ಗಂಡ ಒಳ್ಳೆಯವನೇ, ಹೆಂಡತಿ ಅರ್ಥ ಮಾಡಿಕೊಳ್ಳುವವಳೇ. ಆದರೂ ಮನೆಯ ಮೂಲೆಮೂಲೆಯಲ್ಲಿ ಮಾಯಾಳ ವಸ್ತುಗಳಿವೆ. ಆಮೇಲೆ ಮಾಯಾ ಹಿಂದಿರುಗುತ್ತಾಳೆ, ಜೀವ ಕಳೆದುಕೊಳ್ಳಲು ಯತ್ನಿಸುತ್ತಾಳೆ. ಮಹೇಂದರ್ ಅವಳ ಆರೈಕೆಗೆ ಓಡಾಡುತ್ತಾನೆ. ಅದನ್ನು ಹೆಂಡತಿಗೆ ಹೇಳುವ ಬಗೆ ತಿಳಿಯದೆ ತಡವರಿಸುತ್ತಾನೆ. ಮಾಯಾಳನ್ನು ಮನೆಗೇ ಕರೆತಂದು ಎದುರು ಬದುರು ಕೂರಿಸಿ ಬಗೆಹರಿಸುತ್ತೇನೆ ಎಂದು ಹೊರಡುತ್ತಾನೆ. ವಾಪಸು ಬರುವಷ್ಟರಲ್ಲಿ ಸುಧಾ ಮನೆಯಲ್ಲಿಲ್ಲ. ಒಂದು ಮಾತೂ ಹೇಳದೆ ಹೊರಟುಹೋಗಿದ್ದಾಳೆ. ಆ ಪೆಟ್ಟಿಗೆ ಅವನ ಹೃದಯ ಕೈಕೊಡುತ್ತದೆ. ಆಗ ಅವನ ಮಂಚದ ಪಕ್ಕ ಕೂತು ನೋಡಿಕೊಂಡವಳು ಮಾಯಾ.

ಸುಧಾ ಹೇಳದೆ ಹೋದಳು ಎಂಬುದನ್ನು ನೋಡುವವರು ನೆನಪಿಡಬೇಕು. ಇಡೀ ಚಿತ್ರ ನಿಂತಿರುವುದು ಅದರ ಮೇಲೆ.

ಇಂಥ ಮಾತುಕತೆಗೆ ಗುಲ್ಜಾರ್ ವೇಟಿಂಗ್ ರೂಮನ್ನು ಏಕೆ ಬಿಡಲಿಲ್ಲ ಎಂಬುದು ವಾಡಿಯಂಥ ಊರಿನವರಿಗೆ ಬೇಗ ಹೊಳೆಯುತ್ತದೆ. ಮನೆಯಲ್ಲಾದರೆ ಗಂಡ ಗಂಡನೇ, ಹೆಂಡತಿ ಹೆಂಡತಿಯೇ; ಒಬ್ಬರು ಕೂರುವ ಜಾಗ, ಒಬ್ಬರು ಚಹಾ ತರುವ ಜಾಗ ಮೊದಲೇ ಗೊತ್ತಾಗಿರುತ್ತದೆ. ಹೋಟೆಲ್ಲಿನಲ್ಲಾದರೆ ಎದ್ದು ಹೋಗಬಹುದು. ವೇಟಿಂಗ್ ರೂಮಿನಲ್ಲಿ ಯಾರೂ ಯಾರ ಅತಿಥಿಯೂ ಅಲ್ಲ, ಎದ್ದು ಹೋಗಲು ಜಾಗವೂ ಇಲ್ಲ. ಗಾಡಿ ಬರುವ ತನಕ ಮಾತ್ರ ಇಬ್ಬರಿಗೂ ಸಮಾನ ಹಕ್ಕು. ಆ ಕೋಣೆಯಲ್ಲಿ ಸುಧಾ ಮೊದಲ ಬಾರಿಗೆ ಮಹೇಂದರನ ಎದುರು ಹೆಂಡತಿಯಾಗಿ ಅಲ್ಲದೆ ಬರೀ ಸುಧಾ ಆಗಿ ಕೂರುತ್ತಾಳೆ. ಹಳೇ ರೂಢಿ ಕೈಬಿಟ್ಟಿರುವುದಿಲ್ಲ ಎಂಬುದು ಬೇರೆ ಮಾತು. ಅವನ ಮರೆಗುಳಿತನ ಅವಳಿಗೆ ಇನ್ನೂ ನೆನಪಿದೆ. ಅವಳಿಗೆ ಕನ್ನಡಕ ಬಂದದ್ದನ್ನು ಅವನು ಗಮನಿಸುತ್ತಾನೆ. ಕನ್ನಡಕ ಯಾವಾಗ ಬಂತು ಎಂಬುದನ್ನು ಒಬ್ಬ ಗಂಡ ಹೆಂಡತಿಯನ್ನು ಕೇಳಿ ತಿಳಿಯಬೇಕಾದ ಸ್ಥಿತಿ! ಅಗಲಿದ ಅಷ್ಟೂ ಕಾಲದ ದೂರವನ್ನು ಚಿತ್ರ ಇಷ್ಟರಲ್ಲೇ ಅಳೆದುಬಿಡುತ್ತದೆ.

ವಾಡಿ ಎಂಬ ಊರು ದೊಡ್ಡದಾದದ್ದೇ ಎರಡು ದಾರಿ ಕೂಡಿದ್ದರಿಂದ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೋಲಾಪುರ, ಕಲಬುರಗಿ, ಶಹಾಬಾದ್ ದಾಟಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಸೇರಿತು. ತನ್ನ ರಾಜಧಾನಿ ಈ ದಾರಿಯಿಂದ ದೂರ ಉಳಿಯಬಾರದೆಂದು ನಿಜಾಮ ಸರಕಾರ ತನ್ನ ಹಣದಿಂದ ಸಿಕಂದರಾಬಾದಿಗೆ ಇನ್ನೊಂದು ಹಳಿ ಹಾಕಿಸಿತು. 1874ರಲ್ಲಿ ಅದು ಓಡತೊಡಗಿದಾಗ ಎರಡೂ ಕೂಡಿದ ಜಾಗ ವಾಡಿ. ಅಲ್ಲಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಎಂದು ಆ ಹಳಿ ಹೈದರಾಬಾದಿನ ಕಡೆ ಸಾಗುತ್ತದೆ. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಅಲ್ಲಿಯವರು ಗಾಡಿ ಹಿಡಿಯಲು ಸೇಡಂಗೋ ಗಡಿ ದಾಟಿ ತಾಂಡೂರಿಗೋ ಬಸ್ಸಿನಲ್ಲಿ ಬರಬೇಕು. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆ ಮುಳುಗಿದರೆ ಕಲಬುರಗಿಯ ರಸ್ತೆ ಕಟ್ಟಾಗುತ್ತದೆ. ಆಗ ಎಲ್ಲಿದ್ದವರು ಅಲ್ಲೇ ಉಳಿಯಬೇಕು, ಅಪರಿಚಿತರ ಜೊತೆ ಚಹಾ ಕುಡಿಯುತ್ತ ನೀರು ಇಳಿಯಲಿ ಎಂದು ಕಾಯಬೇಕು. ಮಳೆಯ ರಾತ್ರಿ ಒಂದು ಸೂರಿನಡಿ ಸಿಕ್ಕಿಬಿದ್ದ ಇಬ್ಬರ ಕತೆ ಈ ನೆಲದವರಿಗೆ ಕಟ್ಟುಕತೆ ಅನ್ನಿಸಲಾರದು.

ಇಲ್ಲಿಯ ನೆಲಕ್ಕೆ ಹಾಸುವುದೂ ಇಲ್ಲಿಯ ಕಲ್ಲೇ. ಶಹಾಬಾದ್ ಫರಸಿ ಎಂದು ದಖ್ಖನ್ನಿನಲ್ಲೆಲ್ಲ ಹೆಸರಾದ ಸುಣ್ಣದಕಲ್ಲು ಪದರು ಪದರಾಗಿ ಭೂಮಿಯಲ್ಲಿ ಮಲಗಿರುತ್ತದೆ. ಉಳಿ ಇಟ್ಟು ಸುತ್ತಿಗೆಯಿಂದ ಹದವಾಗಿ ಬಡಿದರೆ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಖಣಿಯಲ್ಲಿ ಈ ಕೆಲಸ ನೋಡಿದವರಿಗೆ ಗೊತ್ತು: ಕಲ್ಲು ಒಡೆಯುವುದಿಲ್ಲ, ಒಂದರಿಂದ ಒಂದು ಬಿಡುತ್ತದೆ. ಬಿಟ್ಟ ಮೇಲೂ ಎರಡರ ಮುಖದಲ್ಲಿ ಅದೇ ಅಚ್ಚು ಇರುತ್ತದೆ. ಸುಧಾ, ಮಹೇಂದರ್ ಎದುರು ಬದುರು ಕೂತ ದೃಶ್ಯಗಳಲ್ಲಿ ಕ್ಯಾಮೆರಾ ಇಬ್ಬರ ಮುಖದ ಮೇಲೆ ನಿಂತಾಗ ಈ ಕಲ್ಲು ನೆನಪಾಗದೆ ಇರದು.

ಇನ್ನು ಆ ಹಾಡು. ಸುಧಾ ಮನೆಯಲ್ಲಿ ಬಿದ್ದಿದ್ದ ಮಾಯಾಳ ವಸ್ತುಗಳನ್ನೆಲ್ಲ ಕಟ್ಟಿ ವಾಪಸು ಕಳಿಸಲು ಹೇಳುತ್ತಾಳೆ. ಸಿಟ್ಟಿನಿಂದಲ್ಲ, ತನ್ನ ಮನೆ ತನ್ನದಾಗಲಿ ಎಂಬ ನ್ಯಾಯವಾದ ಆಸೆಯಿಂದ. ಅದಕ್ಕೆ ಉತ್ತರವಾಗಿ ಮಾಯಾ ಬರೆದ ಪದ್ಯವೇ ‘ಮೇರಾ ಕುಛ್ ಸಾಮಾನ್’. ಕಳಿಸಿದ್ದು ಬಂತು, ಆದರೆ ಇನ್ನೂ ಕೆಲವು ನಿನ್ನ ಹತ್ತಿರ ಉಳಿದಿವೆ ಎಂದು ಅವಳು ಒಂದೊಂದಾಗಿ ಹೆಸರಿಸುತ್ತಾಳೆ. ಅವುಗಳಲ್ಲಿ ಒಂದನ್ನೂ ಗಂಟು ಕಟ್ಟಲು ಬರುವುದಿಲ್ಲ. ಯಾವುದೋ ಮಳೆ, ಯಾವುದೋ ರಾತ್ರಿ, ಇಬ್ಬರೇ ಅನುಭವಿಸಿದ ಯಾವುದೋ ಗಳಿಗೆ. ರಶೀದಿ ಹಾಕಿ ವಾಪಸು ಕೇಳುವ ಧಾಟಿಯಲ್ಲೇ ಇಡೀ ಪದ್ಯ ಸಾಗುತ್ತದೆ.

ಈ ಸಾಲುಗಳಿಗೆ ಪ್ರಾಸವಿಲ್ಲ, ಸಿನಿಮಾ ಹಾಡಿಗೆ ಬೇಕಾದ ಅಳತೆಯೂ ಇಲ್ಲ. ಹಾಳೆ ಕೈಗೆ ಬಂದಾಗ ಬರ್ಮನ್ ಬೇಸರಪಟ್ಟುಕೊಂಡು, ನಾಳೆ ಪತ್ರಿಕೆಯೊಂದನ್ನು ತಂದು ಅದಕ್ಕೂ ರಾಗ ಹಾಕು ಅನ್ನುತ್ತೀಯೇನೋ ಎಂದು ರೇಗಿಸಿದ್ದನ್ನು ಗುಲ್ಜಾರ್ ಹಲವು ಬಾರಿ ನೆನೆದಿದ್ದಾರೆ. ಪಕ್ಕದಲ್ಲಿ ಕೂತ ಆಶಾ ಭೋಂಸ್ಲೆ ಪದ್ಯದ ಒಂದು ತುಣುಕನ್ನು ತಮ್ಮಷ್ಟಕ್ಕೆ ಗುನುಗಿದರಂತೆ. ಬರ್ಮನ್ ಅದನ್ನೇ ಹಿಡಿದು ರಾಗ ಬೆಳೆಸಿದರಂತೆ. ಹಾಡು ಕೇಳಿದರೆ ಇದು ನಿಜವೇ ಇರಬೇಕು ಅನ್ನಿಸುತ್ತದೆ. ತಾಳ ತಟ್ಟುತ್ತ ಹಾಡಿದಂತಿಲ್ಲ, ಕಾಗದವನ್ನು ಮತ್ತೆ ಮತ್ತೆ ಓದಿಕೊಳ್ಳುವವಳ ಉಸಿರಿನಂತಿದೆ. ಒಂದು ಸಾಲು ಉದ್ದ, ಒಂದು ಗಿಡ್ಡ, ನಡುವೆ ನೆನಪಿಸಿಕೊಳ್ಳಲು ನಿಂತಂಥ ಬಿಡುವು. ಆ ವರ್ಷದ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಗಾಯಕಿ ಆಶಾ, ಅತ್ಯುತ್ತಮ ಗೀತರಚನೆಕಾರ ಗುಲ್ಜಾರ್. ಎರಡೂ ಇದೇ ಹಾಡಿಗೆ. ರಾಗ ಹಾಕಿದ ಬರ್ಮನ್ ಅವರಿಗೆ ಬರಲಿಲ್ಲ. ಅವರಿಗೆ ಕೆಲಸ ಕಡಿಮೆಯಾಗುತ್ತಿದ್ದ ಕಾಲ ಅದು. 1994ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಇದೂ ಒಂದು ಎಂದು ಯಾವ ಸಂಕೋಚವೂ ಇಲ್ಲದೆ ಹೇಳಬೇಕು.

‘ಕತರಾ ಕತರಾ’ ಹಾಡನ್ನೂ ಕಿವಿಗೊಟ್ಟು ಕೇಳಬೇಕು. ಅಲ್ಲಿ ಆಶಾ ಅವರ ಒಂದು ದನಿಯ ಮೇಲೆ ಅವರದೇ ಇನ್ನೊಂದು ದನಿ ಬಂದು ಕೂರುತ್ತದೆ. ಒಂದು ಸಾಲು ಮುಗಿಯುವ ಮೊದಲೇ ಮುಂದಿನದು ಎದ್ದಿರುತ್ತದೆ. ಒಬ್ಬಳೇ ಹೆಂಗಸಿನ ಒಳಗೆ ಇಬ್ಬರು ಮಾತಾಡಿಕೊಂಡಂತೆ. ಹೊಸ ಮದುವೆಯ ಸುಖದ ಹಾಡು ಅದು. ಆದರೂ ಆ ಎರಡನೆಯ ದನಿ ಕೇಳುವವರನ್ನು ಯಾಕೋ ಅಳುಕಿಸುತ್ತದೆ.

ಕಲಬುರಗಿ ಸೀಮೆಯವರಿಗೆ ಈ ಹಾಡುಗಳ ಭಾಷೆ ದೂರದ್ದಲ್ಲ. ‘ಸಾಮಾನ್’ ಎಂಬುದನ್ನು ಇಲ್ಲಿ ಅನುವಾದ ಮಾಡಬೇಕೇ? ಮನೆ ಸಾಮಾನು, ಕಿರಾಣಿ ಸಾಮಾನು, ಗಾಡಿ ಹತ್ತುವಾಗ “ಸಾಮಾನ ಎಣಿಸಿಕೋರಿ” ಎಂಬ ಎಚ್ಚರಿಕೆ. ಗುಲ್ಜಾರ್ ತಮ್ಮ ಪದ್ಯಕ್ಕೆ ಆರಿಸಿಕೊಂಡದ್ದು ಇಂಥ ಸಂತೆಯ ಪದವನ್ನು. ವಿರಹ, ಅಗಲಿಕೆ ಎಂದಿದ್ದರೆ ಅದು ಹತ್ತರ ಜೊತೆ ಹನ್ನೊಂದನೆಯ ಪ್ರೇಮಗೀತೆ ಆಗುತ್ತಿತ್ತು. ಸಾಮಾನು ಎಂದದ್ದರಿಂದ ನೆನಪಿಗೆ ತೂಕ ಬಂತು, ಅದು ಪೆಟ್ಟಿಗೆಯಲ್ಲಿಟ್ಟು ಹೊರಬೇಕಾದ ವಸ್ತುವಾಯಿತು. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ ಈ ನೆಲದಲ್ಲಿ ದಖನಿ ಬೆಳೆಯಿತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದುವೇ ಆಯಿತು. 1948ರಲ್ಲಿ ಆ ಆಳ್ವಿಕೆ ಮುಗಿದು, 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದರೂ ಪದಗಳು ಮಾತ್ರ ಊರು ಬಿಡಲಿಲ್ಲ. ದವಾಖಾನೆ, ಜಲ್ದಿ, ಖರೇ, ವಾಪಸು. ಇವನ್ನು ಆಡುವವರಿಗೆ ಇವು ಕನ್ನಡವೇ. ಇಲ್ಲಿಯ ಹಳಬರು ಹಿಂದಿ ಹಾಡನ್ನು ಅರ್ಥ ಕೇಳದೆ ಗುನುಗುವುದರ ಹಿಂದೆ ಆರು ನೂರು ವರ್ಷಗಳ ನೆರೆತನವಿದೆ.

ಬೆಂಗಳೂರು, ಮೈಸೂರಿನ ಓದುಗರಿಗೂ ಈ ಚಿತ್ರದ ಇಬ್ಬರು ಹೊಸಬರಲ್ಲ. ರೇಖಾ ಮೊದಲು ನಾಯಕಿಯಾಗಿ ನಟಿಸಿದ್ದು ಕನ್ನಡದಲ್ಲಿ, ಡಾ. ರಾಜ್‌ಕುಮಾರ್ ಜೊತೆ, 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಚಿತ್ರದಲ್ಲಿ. ಆ ಹುಡುಗಿಯೇ ಸುಧಾ ಎಂದು ನಂಬುವುದು ಕಷ್ಟ. ಇಲ್ಲಿ ರೇಖಾ ಕಣ್ಣೆತ್ತಿ ನೋಡುವುದಕ್ಕೂ ಲೆಕ್ಕವಿದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳುವ ಮೊದಲು ಒಮ್ಮೆ ನುಂಗಿಕೊಳ್ಳುತ್ತಾರೆ. ನಾಸಿರುದ್ದೀನ್ ಷಾ ಈ ಚಿತ್ರದ ಬಳಿಕ ಗಿರೀಶ್ ಕಾಸರವಳ್ಳಿಯವರ ‘ಮನೆ’ ಚಿತ್ರಕ್ಕಾಗಿ ಕನ್ನಡಕ್ಕೆ ಬಂದರು. ದೀಪ್ತಿ ನವಲ್ ಅವರ ಹೆಂಡತಿ. ನಗರದ ಬಾಡಿಗೆ ಮನೆಯಲ್ಲಿ, ಪಕ್ಕದ ಶೆಡ್ಡಿನ ಗದ್ದಲದ ನಡುವೆ, ಹೊಸ ದಂಪತಿಯ ಸಂಸಾರ ಸ್ವಲ್ಪ ಸ್ವಲ್ಪವಾಗಿ ಬಿರುಕು ಬಿಡುವ ಕತೆ ಅದು. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಒಳ್ಳೆಯದು. ‘ಮನೆ’ಯಲ್ಲಿ ಹೊರಗಿನ ಸದ್ದು ಒಳಗೆ ಬಂದು ಸಂಸಾರ ಕೆಡಿಸುತ್ತದೆ, ‘ಇಜಾಜತ್’ನಲ್ಲಿ ಒಳಗೇ ಉಳಿದ ಮೌನ ಆ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ಅಗಲಿದ ಪ್ರೇಮಿಗಳೆಂದರೆ ಥಟ್ಟನೆ ನೆನಪಾಗುವುದು ‘ಬಂಧನ’. 1984ರ ಆ ಚಿತ್ರದಲ್ಲಿ ವಿಷ್ಣುವರ್ಧನ್ ಅವರ ಹರೀಶ್ ತಾನು ಪ್ರೀತಿಸಿದವಳು ಇನ್ನೊಬ್ಬನ ಹೆಂಡತಿ ಆದದ್ದನ್ನು ನುಂಗಿಕೊಳ್ಳಲಾಗದೆ ಕರಗುತ್ತಾನೆ. ಥಿಯೇಟರಿನಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತ ಚಿತ್ರ. ‘ಇಜಾಜತ್’ ಹಾಗೆ ಅಳಿಸುವುದಿಲ್ಲ. ಮುಗಿದ ಮೇಲೆ ಎರಡು ದಿನ ಮನೆಯಲ್ಲಿ ಯಾರದೋ ಸಾಮಾನು ಬಿದ್ದಿದೆಯೇನೋ ಅನ್ನಿಸುವಂತೆ ಮಾಡುತ್ತದೆ.

ಮೆಚ್ಚುವವರೂ ಕೆಲವನ್ನು ಒಪ್ಪಿಕೊಳ್ಳಬೇಕು. ಮಾಯಾ ಎಂಬ ಪಾತ್ರಕ್ಕೆ ಗುಲ್ಜಾರ್ ಪೂರಾ ನ್ಯಾಯ ಮಾಡಿಲ್ಲ. ಅವಳ ಹೆಸರೇ ಭಾರ. ವಚನಕಾರರ ನಾಡಿನಲ್ಲಿ ಮಾಯೆ ಎಂಬ ಪದ ಎಷ್ಟು ಚರ್ಚೆಗೆ ಸಿಕ್ಕಿದೆ ಎಂಬುದು ಕನ್ನಡಿಗರಿಗೆ ಗೊತ್ತೇ ಇದೆ. ಅವಳಿಗೆ ನೆಲೆಯಾದ ಊರಿಲ್ಲ, ಆಸರೆಯ ಮನೆಯಿಲ್ಲ. ಬರೀ ಮನಸ್ಸಿನ ಹುಡುಗಿ. ಅವಳನ್ನು ಕೆಟ್ಟವಳನ್ನಾಗಿ ತೋರಿಸದೆ ಇದ್ದದ್ದು ನಿರ್ದೇಶಕರ ದೊಡ್ಡತನ. ಆದರೆ ಕೊನೆಗೆ ಅವಳನ್ನು ಕೊಂದದ್ದು ಕತೆಗೆ ತೀರಾ ಅನುಕೂಲವಾಯಿತು. ಮೋಟರ್‌ಸೈಕಲ್ ಮೇಲೆ ಹೊರಟವಳ ಕೊರಳ ವಸ್ತ್ರ ಚಕ್ರಕ್ಕೆ ಸಿಕ್ಕಿ ಅವಳು ಸಾಯುತ್ತಾಳೆ. 1927ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ನರ್ತಕಿ ಇಸಡೋರಾ ಡಂಕನ್ ತೀರಿಕೊಂಡದ್ದು ಹೆಚ್ಚುಕಡಿಮೆ ಹೀಗೆಯೇ. ಯಾರ ಮಾತಿಗೂ ಸಿಗದೆ ಬದುಕಿದ ಹೆಣ್ಣಿಗೆ ಇಂಥದೇ ಸಾವು ಏಕೆ ಎಂಬ ಪ್ರಶ್ನೆ ಏಳುತ್ತದೆ. ಏಳಲೇಬೇಕು.

ಮಹೇಂದರನನ್ನೂ ಚಿತ್ರ ಸ್ವಲ್ಪ ಮೆತ್ತಗೆ ನೋಡುತ್ತದೆ. ಇಬ್ಬರನ್ನೂ ನೋಯಿಸಬಾರದು ಎಂದುಕೊಂಡು ಇಬ್ಬರನ್ನೂ ನೋಯಿಸಿದವನು ಅವನು. ತೀರ್ಮಾನ ಮಾಡುವ ಹೊತ್ತಿಗೆ ತೀರ್ಮಾನ ಮಾಡಿದ್ದರೆ ಒಬ್ಬಳಾದರೂ ಅವನ ಮನೆಯಲ್ಲಿ ನೆಮ್ಮದಿಯಾಗಿ ಇರುತ್ತಿದ್ದಳು. ನಾಸಿರುದ್ದೀನ್ ಷಾ ಈ ದೌರ್ಬಲ್ಯವನ್ನು ಮುಚ್ಚಿಡುವುದಿಲ್ಲ. ಅವರ ಮಹೇಂದರ್ ತಪ್ಪು ಮಾಡಿದವನಂತೆ ಕಾಣುವುದಕ್ಕಿಂತ, ತಪ್ಪು ಎಲ್ಲಿ ಆಯಿತೆಂದು ಇನ್ನೂ ಹುಡುಕುತ್ತಿರುವವನಂತೆ ಕಾಣುತ್ತಾನೆ.

ಗುಲ್ಜಾರ್‌ಗೆ ಇದು ಮೊದಲ ಅಗಲಿಕೆಯ ಕತೆಯೇನಲ್ಲ. 1975ರ ‘ಆಂಧಿ’ಯಲ್ಲಿ ರಾಜಕಾರಣಿಯಾದ ಹೆಂಡತಿ, ಹೋಟೆಲ್ ಮ್ಯಾನೇಜರ್ ಆದ ಗಂಡ ವರ್ಷಗಳ ಮೇಲೆ ಎದುರಾಗುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಆ ಚಿತ್ರದ ಪ್ರದರ್ಶನವನ್ನೇ ನಿಲ್ಲಿಸಲಾಗಿತ್ತು. ಅದೇ ವರ್ಷದ ‘ಮೌಸಮ್’ನಲ್ಲಿ ಬಿಟ್ಟುಬಂದ ಪ್ರೇಯಸಿಯನ್ನು ಹುಡುಕಿ ಹೊರಟ ಡಾಕ್ಟರು ಅವಳ ಮಗಳನ್ನು ಕಾಣುತ್ತಾನೆ. ತಡವಾಗಿ ಬಂದವರ, ಹಿಂದಿರುಗಿ ನೋಡುವವರ ಕತೆಗಳೇ ಅವರನ್ನು ಮತ್ತೆ ಮತ್ತೆ ಕಾಡಿವೆ. ಸಂಪೂರಣ್ ಸಿಂಗ್ ಕಾಲ್ರಾ ಎಂಬ ಹೆಸರಿನಲ್ಲಿ 1934ರಲ್ಲಿ ಅವರು ಹುಟ್ಟಿದ ದೀನಾ ಎಂಬ ಊರು ದೇಶವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿತು. ಹುಟ್ಟೂರು ಗಡಿಯಾಚೆ ಉಳಿದುಹೋದ ಲಕ್ಷಾಂತರ ಮನೆಗಳಲ್ಲಿ ಅವರದೂ ಒಂದು. ಇದನ್ನು ಚಿತ್ರದ ಕಾರಣ ಎಂದು ಗಂಟು ಹಾಕುವುದು ಬೇಡ. ಆದರೆ ಹೇಳದೆ ಹೊರಡುವುದು ಎಂಥ ಗಾಯ ಎಂದು ಬಲ್ಲವರೇ ಇದನ್ನು ಮಾಡಿದ್ದಾರೆ ಎಂಬುದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ.

ಹೊರಡುವ ಮಾತಿಗೆ ಕನ್ನಡದಲ್ಲಿ ಒಂದು ಕಟ್ಟುನಿಟ್ಟಿದೆ. ಮನೆ ಬಿಡುವಾಗ ‘ಹೋಗುತ್ತೇನೆ’ ಎನ್ನುವಂತಿಲ್ಲ, ಅಂದರೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ‘ಹೋಗಿ ಬರುತ್ತೇನೆ’ ಅನ್ನಬೇಕು. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ದುಡಿಯಲು ಗುಳೆ ಹೋಗುವವರ ಬಾಯಲ್ಲೂ ಇದೇ ಮಾತು. ಪ್ಲಾಟ್‌ಫಾರ್ಮಿನಲ್ಲಿ ಮುದುಕಿಯೊಬ್ಬಳ ಕಾಲು ಮುಟ್ಟಿ “ಬರ್ತೀನಬೇ” ಅನ್ನುವ ಹುಡುಗ, “ಹೋಗಿ ಬಾರಪಾ, ಜ್ವಾಕಿ” ಅನ್ನುವ ಅವಳು. ಯಾವಾಗ ಬರುತ್ತಾನೋ ಇಬ್ಬರಿಗೂ ಗೊತ್ತಿಲ್ಲ. ಆದರೂ ಬರುವ ಮಾತು ಬಾಯಿಂದ ಬಿದ್ದರೆ ಹೊರಟವನಿಗೂ ಉಳಿದವಳಿಗೂ ಒಂದು ಕಟ್ಟು ಉಳಿಯುತ್ತದೆ.

ಸುಧಾ ಆ ಮಾತು ಆಡುವಂತಿಲ್ಲ. ಅವಳು ಮತ್ತೆ ಬರುವುದಿಲ್ಲ. ಕನ್ನಡದ ಆ ಒಳ್ಳೆಯ ಮಾತು ಇಲ್ಲಿ ಸಾಲದು. ಹಿಂದೊಮ್ಮೆ ಹೇಳದೆ ಹೋದದ್ದಂತೂ ಮನಸ್ಸಿನಲ್ಲಿ ಮುಳ್ಳಾಗಿದೆ. ಹೇಳಿ ಹೋಗಲು ಅವಳಿಗಿರುವುದು ಇದೊಂದೇ ರಾತ್ರಿ.

ಆ ರಾತ್ರಿಯ ಲೆಕ್ಕವನ್ನು ಗುಲ್ಜಾರ್ ಎಷ್ಟು ನಿಧಾನವಾಗಿ ಬಿಚ್ಚುತ್ತಾರೆಂದರೆ, ಮಾಯಾ ಇಲ್ಲ ಎಂಬುದು ಸುಧಾಳಿಗೆ ತಿಳಿಯುವುದು ರಾತ್ರಿ ಬಹಳಷ್ಟು ಕಳೆದ ಮೇಲೆ. ಮಹೇಂದರ್ ಈಗ ಒಬ್ಬನೇ ಎಂದು ನೋಡುವವರಿಗೆ ಅರ್ಥವಾಗುತ್ತದೆ. ಮುರಿದದ್ದು ಮತ್ತೆ ಕೂಡೀತೇನೋ ಎಂಬ ಆಸೆ ಎಲ್ಲರಲ್ಲೂ ಚಿಗುರುತ್ತದೆ. ಹಿಂದಿ ಚಿತ್ರ ನೋಡಿ ನೋಡಿ ಬೆಳೆದ ಮನಸ್ಸು ಅದನ್ನೇ ಬಯಸುತ್ತದೆ. ಅಷ್ಟರಲ್ಲಿ ಬೆಳಗಾಗುತ್ತದೆ. ಸುಧಾಳನ್ನು ಕರೆದೊಯ್ಯಲು ಒಬ್ಬರು ಬರುತ್ತಾರೆ. ಶಶಿ ಕಪೂರ್. ಅವರು ತೆರೆಯ ಮೇಲಿರುವುದು ಕೆಲವೇ ನಿಮಿಷ. ಹಸನ್ಮುಖ, ಮಾತಿನಲ್ಲಿ ಸಲಿಗೆ. ಸುಧಾ ಮರುಮದುವೆ ಆಗಿದ್ದಾಳೆ ಎಂದು ಮಹೇಂದರನಿಗೆ ತಿಳಿಯುವುದು ಆಗ. ರಾತ್ರಿಯಿಡೀ ಅವಳು ಅದನ್ನು ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ.

ಆಗ ಅವಳು ತಿರುಗಿ ಬಂದು ಅವನ ಕಾಲು ಮುಟ್ಟುತ್ತಾಳೆ. ಹಿಂದಿನ ಬಾರಿ ಕೇಳದೆ ಹೋಗಿದ್ದೆ, ಈ ಸಲ ಇಜಾಜತ್ ಕೊಡಿ ಎಂದು ಬೇಡುತ್ತಾಳೆ. ಹೆಂಗಸು ಗಂಡಸಿನ ಕಾಲಿಗೆ ಬೀಳುವ ಈ ದೃಶ್ಯ ಇಂದಿನ ಹುಡುಗಿಯರಿಗೆ ಮುಜುಗರ ತರಬಹುದು, ಅದು ನ್ಯಾಯವೇ. ಆದರೆ ರೇಖಾ ಅವರ ಮುಖ ನೋಡಬೇಕು. ಅಲ್ಲಿ ದೈನ್ಯವಿಲ್ಲ. ಅವಳ ಮುಂದಿನ ಬದುಕು ಅವನ ಅಪ್ಪಣೆಗೆ ಕಾದಿಲ್ಲ, ಅದು ಬಾಗಿಲಲ್ಲಿ ನಿಂತಿದೆ. ಅವನು ಕೊಡದಿದ್ದರೂ ಅವಳು ಹೊರಡುವವಳೇ. ಆದರೂ ಕೇಳುತ್ತಾಳೆ. ಮದುವೆಯ ದಿನ ಹತ್ತು ಜನರ ಮುಂದೆ ಕೂಡಿದ್ದನ್ನು ಬಿಡಿಸಿಕೊಳ್ಳಲು ಅವಳಿಗೆ ಸಿಕ್ಕ ಶಾಸ್ತ್ರ ಇದೊಂದೇ, ಸಾಕ್ಷಿ ಒಂದು ವೇಟಿಂಗ್ ರೂಮಿನ ಕುರ್ಚಿ ಬೆಂಚು.

‘ಇಜಾಜತ್’ ಎಂಬುದಕ್ಕೆ ಕನ್ನಡದಲ್ಲಿ ಪರವಾನಗಿ ಎನ್ನಬಹುದು, ಅದು ಕಚೇರಿಯ ಮಾತು. ಅನುಮತಿ ಎನ್ನಬಹುದು, ಅದು ಅರ್ಜಿಯ ಮಾತು. ಅಪ್ಪಣೆ ಎಂದರೆ ಸರಿಹೋಗುತ್ತದೆ. ಹಳೇ ಕಾಲದ ಮನೆಗಳಲ್ಲಿ ಬಂದವರು ಏಳುವ ಮೊದಲು ‘ಅಪ್ಪಣೆ ಆಗಲಿ’ ಎನ್ನುತ್ತಿದ್ದರು. ಇದ್ದದ್ದು ಸಾಕಾಯಿತು ಎಂದಲ್ಲ, ಇರಗೊಟ್ಟದ್ದಕ್ಕೆ ಋಣಿ ಎಂಬ ಅರ್ಥ ಅದರಲ್ಲಿತ್ತು. ಸುಧಾಳ ಬಾಯಲ್ಲಿರುವುದು ಅದೇ.

ಅವಳು ಹೊರಡುತ್ತಾಳೆ. ಮಹೇಂದರ್ ಉಳಿಯುತ್ತಾನೆ, ಅವನ ಪೆಟ್ಟಿಗೆಯ ಜೊತೆ. ಮಳೆ ನಿಂತಿದೆ. ಅವನು ಹಿಡಿಯಬೇಕಾದ ಗಾಡಿ ಇನ್ನೂ ಬಂದಿಲ್ಲ.